ಪ್ರಶಸ್ತಿ ಬೇಡ, ವಕೀಲರ ಫೀಸು ಕೊಡಿ

ವಾಣಿಜ್ಯ ತನಿಖಾ ವರದಿಗೆ ಕನ್ನಡದಲ್ಲೂ ಒಂದು ದೊಡ್ಡ ಪ್ರಶಸ್ತಿ ಬೇಕಂತೆ. ಉದ್ಯಮಿಗಳ ಸಂಘಗಳು ಮನಸ್ಸು ಮಾಡಿದರೆ ಲಕ್ಷಗಟ್ಟಲೆ ಮೊತ್ತ ಕೂಡಿಸುವುದು ಕಷ್ಟವೇನಲ್ಲವಂತೆ. ಪ್ರಶಸ್ತಿ ಬಂದರೆ ವರದಿಗಾರರಿಗೆ ಹುರುಪು ಬರುತ್ತದೆ, ವರದಿಗಳು ತಾವಾಗಿ ಹುಟ್ಟುತ್ತವೆ ಎಂಬುದು ವಾದ. ಮಾಧ್ಯಮದವರ ಗೋಷ್ಠಿಗಳಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹೀಗೆ ಹೇಳುವವರು ಒಮ್ಮೆ ಅತ್ತಿಬೆಲೆ ಟೋಲ್ ದಾಟಿ ತಮಿಳುನಾಡಿನ ಹೊಸೂರಿನ ಕಡೆ ಬರಲಿ. ಬರೆಯಬೇಕಾದದ್ದು ಎಷ್ಟಿದೆ, ಬರೆಯುವವರು ಯಾಕಿಲ್ಲ ಎಂಬುದು ಅರ್ಧ ದಿನದಲ್ಲಿ ತಿಳಿಯುತ್ತದೆ.

ಒಂದು ಸಂಖ್ಯೆ ಹೇಳುತ್ತೇನೆ: 10,644. 2023ರ ಸೆಪ್ಟೆಂಬರ್‌ನಿಂದ 2024ರ ಆಗಸ್ಟ್‌ವರೆಗೆ, ಒಂದೇ ವರ್ಷದಲ್ಲಿ, ಓಲಾ ಎಲೆಕ್ಟ್ರಿಕ್ ಸ್ಕೂಟರುಗಳ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಬಂದ ದೂರುಗಳಿವು. ಆ ಸ್ಕೂಟರು ತಯಾರಾಗುವುದು ಹೊಸೂರು ಇರುವ ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿ ಬಳಿ, 500 ಎಕರೆಯ ಕಾರ್ಖಾನೆಯಲ್ಲಿ. ಕಂಪನಿಯ ಮುಖ್ಯ ಕಚೇರಿ ಬೆಂಗಳೂರಿನಲ್ಲಿ. ದೂರುಗಳು ಗುಡ್ಡೆ ಬೀಳುತ್ತಿದ್ದ ಹೊತ್ತಿನಲ್ಲೇ, 2024ರ ಆಗಸ್ಟ್‌ನಲ್ಲಿ, ಕಂಪನಿ 76 ರೂಪಾಯಿಯಂತೆ ಜನರಿಗೆ ಷೇರು ಮಾರಿತು. ಎರಡೇ ವಾರದಲ್ಲಿ ಅದು 157 ರೂಪಾಯಿ ಮುಟ್ಟಿತು. ಸೆಪ್ಟೆಂಬರ್‌ನಲ್ಲಿ ಕಲಬುರಗಿಯಲ್ಲಿ ರಿಪೇರಿಗೆ ಅಲೆದು ರೋಸಿಹೋದ ಗ್ರಾಹಕನೊಬ್ಬ ಶೋರೂಮಿಗೇ ಬೆಂಕಿ ಇಟ್ಟ. ಅಕ್ಟೋಬರ್‌ನಲ್ಲಿ ಹಾಸ್ಯಕಲಾವಿದ ಕುನಾಲ್ ಕಾಮ್ರಾ ಸರ್ವಿಸ್ ಸೆಂಟರಿನ ಮುಂದೆ ಧೂಳು ತಿನ್ನುತ್ತಾ ನಿಂತಿದ್ದ ಸ್ಕೂಟರುಗಳ ಫೋಟೊ ಹಾಕಿದರು. ಮಾರನೆಯ ದಿನ ಷೇರು ಕುಸಿಯಿತು, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ನೋಟಿಸು ಹೊರಬಿತ್ತು. ಶೇ 99.1ರಷ್ಟು ದೂರು ಬಗೆಹರಿಸಿದ್ದೇವೆ ಎಂದು ಕಂಪನಿ ಉತ್ತರ ಕೊಟ್ಟಿತು. ಆ ಉತ್ತರ ಸಾಲದೆ ಪ್ರಾಧಿಕಾರ ಹೆಚ್ಚಿನ ತನಿಖೆಗೆ ಆದೇಶಿಸಿತು.

ಈ ಸಾಲಿನಲ್ಲಿ ನಮ್ಮ ಪತ್ರಕರ್ತ ಎಲ್ಲಿದ್ದ? ಒಬ್ಬ ಗ್ರಾಹಕ ಜೈಲಿಗೆ ಹೋಗಬೇಕಾಯಿತು, ಒಬ್ಬ ಹಾಸ್ಯಗಾರ ಬಾಯಿ ಬಿಡಬೇಕಾಯಿತು, ಆಮೇಲೆ ನಾವು ಸುದ್ದಿ ಮಾಡಿದೆವು. ಇಂಗ್ಲಿಷಿನ ಕೆಲವು ವಾಣಿಜ್ಯ ತಾಣಗಳು ಮೊದಲೇ ಬರೆದಿದ್ದವು, ನಿಜ. ಆದರೆ ಚಂದಾ ಕಟ್ಟಿದವರಿಗೆ ಮಾತ್ರ ಓದಲು ಸಿಗುವ ವರದಿಯಿಂದ ಕಲಬುರಗಿಯಲ್ಲಿ ಸಾಲ ಮಾಡಿ ಸ್ಕೂಟರು ಕೊಂಡವನಿಗೆ ಆದ ಉಪಕಾರವೇನು? 10,644 ಸಲ ಜನ ಸಹಾಯವಾಣಿಗೆ ಗೋಳು ಹೇಳಿಕೊಂಡಿದ್ದರು. ಅದನ್ನು ಕೇಳಿಸಿಕೊಳ್ಳಲು ಯಾರಿಗೂ ಪ್ರಶಸ್ತಿಯ ಆಮಿಷ ಬೇಕಿರಲಿಲ್ಲ.

ಇನ್ನೂ ಒಂದು. 2025ರ ಫೆಬ್ರುವರಿಯಲ್ಲಿ 25,000ಕ್ಕೂ ಹೆಚ್ಚು ಸ್ಕೂಟರು ಮಾರಿದ್ದೇವೆ ಎಂದು ಇದೇ ಕಂಪನಿ ಘೋಷಿಸಿತು. ಆ ತಿಂಗಳು ವಾಹನ್ ಪೋರ್ಟಲ್‌ನಲ್ಲಿ ನೋಂದಣಿಯಾದದ್ದು 9,000ದೊಳಗೆ. ವಾಹನ್ ಪೋರ್ಟಲ್ ಸರ್ಕಾರದ್ದು, ಯಾರು ಬೇಕಾದರೂ ನೋಡಬಹುದು. ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ 100 ರೂಪಾಯಿ ಕಟ್ಟಿದರೆ ಒಂದು ಕಂಪನಿ ಸಲ್ಲಿಸಿದ ಲೆಕ್ಕಪತ್ರ ತೆರೆಯುತ್ತದೆ. ಈ ದಾಖಲೆಗಳನ್ನು ಓದಲು ತರಬೇತಿ ಬೇಕು, ಹೊತ್ತು ಬೇಕು, ತಿಂಗಳಿಗೆ ಸರಿಯಾದ ಸಂಬಳ ಬೇಕು. ಪ್ರಶಸ್ತಿ ಪರ ಮಾತಾಡುವವರು ಈ ಮೂರರ ಸುದ್ದಿಯನ್ನೇ ಎತ್ತುವುದಿಲ್ಲ.

ಹೊಸೂರಿನಂಥ ಊರಿನ ವರದಿಗಾರ ಅಂದರೆ ಯಾರು? ಅರೆಕಾಲಿಕ ಬಿಡಿ ಸುದ್ದಿಗಾರ. ಸುದ್ದಿಗಿಷ್ಟು, ಫೋಟೊಗಿಷ್ಟು ಎಂದು ಲೆಕ್ಕ ಹಾಕಿ ಕೊಡುತ್ತಾರೆ, ಅದೂ ತಡವಾಗಿ. ದೀಪಾವಳಿ ಬಂದರೆ ವಿಶೇಷ ಪುರವಣಿಗೆ ಜಾಹೀರಾತು ತರುವ ಟಾರ್ಗೆಟ್ ಅವನ ತಲೆಯ ಮೇಲೆಯೇ. ತಮಿಳುನಾಡು ಸರ್ಕಾರದ ಕೈಗಾರಿಕಾ ಪ್ರದೇಶವಾದ ಸಿಪ್ಕಾಟ್‌ನ ಯಾವ ಕಾರ್ಖಾನೆಯ ತ್ಯಾಜ್ಯದ ಪೈಪಿನ ಬಗ್ಗೆ ಬರೆಯಬೇಕೋ ಅದೇ ಕಾರ್ಖಾನೆಯ ಎಚ್ಆರ್ ಮ್ಯಾನೇಜರ್ ಮುಂದೆ ಅರ್ಧ ಪುಟದ ಶುಭಾಶಯಕ್ಕಾಗಿ ಕೈಕಟ್ಟಿ ಕೂರಬೇಕು. ಬಂದ ಜಾಹೀರಾತಿನಲ್ಲಿ ಅವನ ಕಮಿಷನ್ ಇದೆ, ಮಗಳ ಶಾಲೆಯ ಫೀಸು ಅದರಿಂದಲೇ. ಇಂಥವನ ಮುಂದೆ ಐದು ಲಕ್ಷದ ಪ್ರಶಸ್ತಿಯ ಆಸೆ ಇಟ್ಟು, ಹೋಗಿ ಆ ಪೈಪಿನ ಜಾಡು ಹಿಡಿ ಎನ್ನುವುದು ಕ್ರೌರ್ಯ.

ಮೇಲಾಗಿ ಹೊಸೂರು ಯಾರಿಗೂ ಸೇರದ ಊರು. ಕನ್ನಡ ಪತ್ರಿಕೆಗಳ ಬೆಂಗಳೂರು ಆವೃತ್ತಿಯ ಕಣ್ಣು ಅತ್ತಿಬೆಲೆಯಲ್ಲಿ ಮುಚ್ಚುತ್ತದೆ. ಚೆನ್ನೈಗೆ ಹೊಸೂರು ಬಂಡವಾಳ ಸಮಾವೇಶದ ಪಟ್ಟಿಯಲ್ಲಿರುವ ಒಂದು ಹೆಸರು. ದೆಂಕಣಿಕೋಟೆ, ತಳಿ, ಬಾಗಲೂರಿನ ಕಡೆ ಕನ್ನಡ ಮಾತಾಡುವ ಮನೆಗಳ ಹುಡುಗರು ಈ ಕಾರ್ಖಾನೆಗಳಲ್ಲಿ ಗುತ್ತಿಗೆಗೆ ದುಡಿಯುತ್ತಾರೆ. 2023ರಲ್ಲಿ ಇದೇ ಸೀಮೆಯ ಉದ್ದನಪಳ್ಳಿ, ನಾಗಮಂಗಲದ ರೈತರು ಸಿಪ್ಕಾಟ್‌ಗೆ ಭೂಮಿ ಕೊಡುವುದಿಲ್ಲವೆಂದು ತಿಂಗಳುಗಟ್ಟಲೆ ಧರಣಿ ಕೂತರು. ಬೆಂಗಳೂರಿನ ಎಷ್ಟು ಓದುಗರಿಗೆ ಇದು ಗೊತ್ತು?

ಕೆಲವರಪಳ್ಳಿ ಅಣೆಕಟ್ಟಿನ ನೊರೆಯನ್ನು ಮಾತ್ರ ಎಲ್ಲರೂ ಬಲ್ಲರು. ಮಳೆ ಬಂದು ಗೇಟು ಎತ್ತಿದರೆ ದಕ್ಷಿಣ ಪಿನಾಕಿನಿಯ ಮೇಲೆ ಬಿಳಿ ನೊರೆ ಆಳೆತ್ತರ ಏಳುತ್ತದೆ. ಸೇತುವೆ ಕಾಣದಂತೆ ಮುಚ್ಚುತ್ತದೆ, ಗಾಳಿಗೆ ಕಿತ್ತು ಹಾರಿ ಟೊಮೆಟೊ ಹೊಲದೊಳಗೆ ಬೀಳುತ್ತದೆ. ಹತ್ತಿರ ಹೋದರೆ ಕೊಳೆತ ಮೊಟ್ಟೆಯ ವಾಸನೆ, ಕಣ್ಣುರಿ. ಪತ್ರಿಕೆಗಳು ಪ್ರತಿವರ್ಷ ಆ ಫೋಟೊ ಹಾಕುತ್ತವೆ. ಕೆಳಗೆ ಬರೆಯುವ ಸಾಲೂ ಪ್ರತಿವರ್ಷ ಒಂದೇ: ಬೆಂಗಳೂರಿನ ಕೊಳಚೆ ಮತ್ತು ಕಾರ್ಖಾನೆಗಳ ತ್ಯಾಜ್ಯ. ಯಾವ ಕಾರ್ಖಾನೆ? ಅದರ ಮಾಲೀಕ ಯಾರು? ಯಾವ ತಾರೀಖಿಗೆ ಯಾವ ಮಾಲಿನ್ಯ ನಿಯಂತ್ರಣ ಮಂಡಳಿ ಅದಕ್ಕೆ ಒಪ್ಪಿಗೆ ನವೀಕರಿಸಿತು? ವಾಣಿಜ್ಯ ತನಿಖೆ ಇಲ್ಲಿಂದ ಶುರುವಾಗಬೇಕು, ನಾವು ಇಲ್ಲಿಗೇ ನಿಲ್ಲಿಸುತ್ತೇವೆ. ವರ್ತೂರು ಕೆರೆಯಿಂದ ಹೊಸೂರಿನವರೆಗೆ ನೀರು ಹರಿದು ಬರುವ ದಾರಿಯಲ್ಲಿ ನಮ್ಮ ಪ್ರಶ್ನೆ ಹರಿಯುವುದಿಲ್ಲ.

ಇನ್ನು ಪ್ರಶಸ್ತಿಯ ದುಡ್ಡಿನ ವಿಚಾರ. ಉದ್ಯಮಗಳೇ ಕೊಡಲಿ ಎನ್ನುವವರಿಗೆ ಸತ್ಯಂ ಕಂಪ್ಯೂಟರ್ಸ್ ನೆನಪಿಲ್ಲವೇ? ಕಾರ್ಪೊರೇಟ್ ಆಡಳಿತದ ಶ್ರೇಷ್ಠತೆಗೆಂದು ಗೋಲ್ಡನ್ ಪೀಕಾಕ್ ಪ್ರಶಸ್ತಿ ಆ ಕಂಪನಿಗೆ ಸಿಕ್ಕಿದ್ದು 2008ರ ಸೆಪ್ಟೆಂಬರ್‌ನಲ್ಲಿ. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗರಾಜು ತಾನೇ ಪತ್ರ ಬರೆದು ಲೆಕ್ಕ ಸುಳ್ಳೆಂದು ಒಪ್ಪಿಕೊಂಡರು. ಕಂಡುಹಿಡಿದದ್ದು ಯಾವ ವಾಣಿಜ್ಯ ಪುಟವೂ ಅಲ್ಲ. ಅದಕ್ಕೂ ಮೊದಲೇ ದೊಡ್ಡ ಪತ್ರಿಕಾ ಸಮೂಹವೊಂದು ಜಾಹೀರಾತಿನ ಬದಲಿಗೆ ಕಂಪನಿಗಳ ಷೇರನ್ನೇ ಪಡೆಯುವ ಪದ್ಧತಿ ಶುರುಮಾಡಿತ್ತು. ಅಂಥ ಹಿತಾಸಕ್ತಿಯನ್ನು ಓದುಗರಿಗೆ ತಿಳಿಸಲೇಬೇಕು ಎಂದು 2010ರಲ್ಲಿ ಸೆಬಿ ಹೇಳಬೇಕಾಯಿತು. ಷೇರು ಪೇಟೆಯ ಕಾವಲುಗಾರ ಬಂದು ಪತ್ರಿಕೆಗಳಿಗೆ ನೀತಿ ಹೇಳುವ ಸ್ಥಿತಿ ತಂದುಕೊಂಡವರು ನಾವು.

ಕನ್ನಡದವರು ಇದಕ್ಕಿಂತ ಮೇಲೇನೂ ಅಲ್ಲ. ಬಳ್ಳಾರಿಯ ಗಣಿ ಲೂಟಿಯಿಂದ ರಾಜ್ಯಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂದು 2011ರ ಜುಲೈನಲ್ಲಿ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ ಹೇಳಿತು. ಗಣಿ ದುಡ್ಡು ಪತ್ರಕರ್ತರಿಗೂ ಸಂದ ಪ್ರಸ್ತಾಪ ಅದೇ ವರದಿಯಲ್ಲಿತ್ತು. ಆ ಬಗ್ಗೆ ನಮ್ಮ ಸಂಘಗಳು ಎಷ್ಟು ದಿನ ಮಾತಾಡಿದವು? 2022ರ ದೀಪಾವಳಿಗೆ ಮುಖ್ಯಮಂತ್ರಿ ಕಚೇರಿಯಿಂದ ಪತ್ರಕರ್ತರಿಗೆ ಬಂದ ಸಿಹಿ ಪೆಟ್ಟಿಗೆಯಲ್ಲಿ ನಗದು ಇತ್ತೆಂಬ ಆರೋಪ ಎದ್ದು, ಲೋಕಾಯುಕ್ತಕ್ಕೆ ದೂರು ಹೋಯಿತು. ಹಿಂದಿರುಗಿಸಿದವರು ಕೆಲವರು. ಅವರಿಗೆ ನನ್ನ ನಮಸ್ಕಾರ. ತಾನು ವರದಿ ಮಾಡುವ ಸರ್ಕಾರದಿಂದ ಪತ್ರಕರ್ತ ಸನ್ಮಾನ ಪಡೆಯಬಾರದು ಎಂದು ಪಿ. ಸಾಯಿನಾಥ್ 2009ರಲ್ಲಿ ಪದ್ಮಭೂಷಣವನ್ನೇ ಬೇಡವೆಂದರು. ಆ ಮಾತು ಕಂಪನಿಗಳಿಗೂ ಅಷ್ಟೇ ಅನ್ವಯಿಸುತ್ತದೆ. ನಮ್ಮಲ್ಲಾದರೋ ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿ ಹೊರಡುವ ವಾರ ಸಂಪಾದಕರು ಮಂತ್ರಿಗಳ ಮನೆ ಬಾಗಿಲಲ್ಲಿರುತ್ತಾರೆ.

ವರದಿಯನ್ನು ಉಳಿಸುವುದು ಏನು? ಜರ್ಮನಿಯ ವೈರ್‌ಕಾರ್ಡ್ ಕಂಪನಿಯ ಮೋಸದ ಬಗ್ಗೆ ಫೈನಾನ್ಶಿಯಲ್ ಟೈಮ್ಸ್‌ನ ಡ್ಯಾನ್ ಮೆಕ್ರಮ್ 2015ರಿಂದ ಬರೆದರು. 2019ರಲ್ಲಿ ಅಲ್ಲಿನ ನಿಯಂತ್ರಕ ಸಂಸ್ಥೆ ಕಂಪನಿಯನ್ನು ಬಿಟ್ಟು ವರದಿಗಾರರ ಮೇಲೆಯೇ ಕ್ರಿಮಿನಲ್ ದೂರು ಕೊಟ್ಟಿತು. ಪತ್ರಿಕೆ ಬಗ್ಗಲಿಲ್ಲ. 2020ರ ಜೂನ್‌ನಲ್ಲಿ 190 ಕೋಟಿ ಯೂರೋ ಲೆಕ್ಕಕ್ಕೇ ಸಿಗದೆ ಕಂಪನಿ ಮುಳುಗಿತು. ಬಹುಮಾನಗಳು ಆಮೇಲೆ ಬಂದವು. ಅದುವರೆಗೆ ಅವರ ಬೆನ್ನಿಗಿದ್ದದ್ದು ಸಂಪಾದಕರು ಮತ್ತು ವಕೀಲರು. ನಮ್ಮಲ್ಲಿ 2017ರ ಜುಲೈನಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ (ಇಪಿಡಬ್ಲ್ಯು) ಪತ್ರಿಕೆ ಅದಾನಿ ಸಮೂಹದ ಬಗೆಗಿನ ಲೇಖನವನ್ನು ಲಾಯರ್ ನೋಟಿಸು ಬಂದ ಮೇಲೆ ತೆಗೆದುಹಾಕಿತು, ಸಂಪಾದಕ ಪರಂಜಯ್ ಗುಹಾ ಠಾಕುರ್ತ ರಾಜೀನಾಮೆ ಕೊಟ್ಟರು. ದೆಹಲಿ, ಮುಂಬೈ ಬಲ್ಲ ಹಿರಿಯ ಸಂಪಾದಕನ ಪಾಡೇ ಇದಾದರೆ, ದೆಂಕಣಿಕೋಟೆಯ ಬಿಡಿ ಸುದ್ದಿಗಾರನಿಗೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನನಷ್ಟದ ಕೇಸು ಬಿದ್ದರೆ ಯಾರು ಬರುತ್ತಾರೆ? ಪ್ರತಿ ವಾಯಿದೆಗೆ ಬಸ್ ಚಾರ್ಜು, ವಕಾಲತ್ತು, ಕೆಲಸಕ್ಕೆ ರಜೆ ಎಲ್ಲ ಅವನದೇ. ಅವನು ನಮ್ಮ ವರದಿಗಾರನೇ ಅಲ್ಲ ಎಂದು ಪತ್ರಿಕೆ ಕೈತೊಳೆದುಕೊಂಡರೂ ಆಶ್ಚರ್ಯವಿಲ್ಲ, ನೇಮಕಾತಿ ಪತ್ರ ಕೊಟ್ಟಿದ್ದರೆ ತಾನೇ?

ಹಾಗಾಗಿ ಪ್ರಶಸ್ತಿಗೆ ಕೂಡಿಸುವ ದುಡ್ಡು ನಿಜವಾಗಿಯೂ ಇದ್ದರೆ, ಅದರಲ್ಲಿ ಉದ್ಯಮಗಳ ಪಾಲನ್ನು ಹಿಂದಕ್ಕೆ ಕೊಟ್ಟುಬಿಡಿ. ಉಳಿದದ್ದಕ್ಕೆ ಪತ್ರಿಕಾ ಮಾಲೀಕರೂ ಸಂಘಗಳೂ ಓದುಗರೂ ಸೇರಿಸಿ ಒಂದು ಕಾನೂನು ನಿಧಿ ಮಾಡಿ. ಬಿಡಿ ಸುದ್ದಿಗಾರರಿಗೆ ನೇಮಕಾತಿ ಪತ್ರ ಕೊಡಿ, ಜಾಹೀರಾತಿನ ಟಾರ್ಗೆಟ್ ಅವರ ಹೆಗಲಿಂದ ಇಳಿಸಿ. ಹೊಸೂರಿನಲ್ಲಿ ಕನ್ನಡ, ತಮಿಳು ಎರಡೂ ಬಲ್ಲ ಒಬ್ಬ ಪೂರ್ಣಾವಧಿ ವರದಿಗಾರನನ್ನು ಕೂರಿಸಿ, ಅವನು ಬರೆದದ್ದಕ್ಕೆ ಸಂಪಾದಕನ ಹೆಸರಿಗೇ ನೋಟಿಸು ಬರಲಿ. ಮೊದಲ ವರ್ಷದಲ್ಲೇ ಬರುತ್ತದೆ. ಆಗ ನಿಧಿಯಿಂದ ವಕೀಲರಿಗೆ ಫೀಸು ಕಟ್ಟಿ.