ಆ ಫೈಲು ಯಾರದು?

2025ರ ಜುಲೈ 25ರಂದು ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ವಿಶಾಖಪಟ್ಟಣದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ನೀಟ್ ಪರೀಕ್ಷೆಗೆ ಓದುತ್ತಿದ್ದ 17 ವರ್ಷದ ಹುಡುಗಿಯೊಬ್ಬಳು 2023ರ ಜುಲೈನಲ್ಲಿ ತೀರಿಕೊಂಡ ಪ್ರಕರಣ ಅದು. ತನಿಖೆಯನ್ನು ಸಿಬಿಐಗೆ ಒಪ್ಪಿಸಿದ ನ್ಯಾಯಪೀಠ ಅಷ್ಟಕ್ಕೇ ನಿಲ್ಲದೆ ದೇಶದ ಶಿಕ್ಷಣ ಸಂಸ್ಥೆಗಳಿಗೆಲ್ಲ 15 ಮಾರ್ಗಸೂಚಿಗಳನ್ನು ಹಾಕಿಕೊಟ್ಟಿತು. ಬೇರೆ ಕಾನೂನು ಬರುವವರೆಗೆ ಇವಕ್ಕೇ ಕಾನೂನಿನ ಬಲ. ಅವುಗಳಲ್ಲಿ ಒಂದರ ಪ್ರಕಾರ, ನೂರು ಅಥವಾ ಹೆಚ್ಚು ಮಕ್ಕಳಿರುವ ಸಂಸ್ಥೆಯಲ್ಲಿ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಕನಿಷ್ಠ ಒಬ್ಬ ಕೌನ್ಸೆಲರ್, ಮನಃಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಲೇಬೇಕು.

ಆ ವಾರ ನನ್ನ ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ ಹಬ್ಬದ ವಾತಾವರಣ. ಧಾರವಾಡದಲ್ಲಿ ನನ್ನ ಜೊತೆ ಮನಃಶಾಸ್ತ್ರ ಎಂ.ಎ. ಮಾಡಿದವರು ಈಗ ಹೈದರಾಬಾದು, ಚೆನ್ನೈ, ಮುಂಬಯಿ ಅಂತ ಚದುರಿದ್ದಾರೆ. "ಕೊನೆಗೂ ನಮ್ಮನ್ನು ಕೇಳುವವರು ಬಂದರು" ಅಂತ ಒಬ್ಬಳು ಬರೆದಳು. ನಾನು ಏನೂ ಬರೆಯಲಿಲ್ಲ. ಪುಣೆಯ ಒಂದು ಖಾಸಗಿ ಶಾಲೆಯಲ್ಲಿ ನಾನು ಏಳು ವರ್ಷ ಇಂಥದೇ ಹುದ್ದೆಯಲ್ಲಿದ್ದೆ. ಶಾಲೆಯಲ್ಲಿ ಕೌನ್ಸೆಲರ್ ಇದ್ದಾರೆ ಎನ್ನುವುದಕ್ಕೂ ಮಕ್ಕಳಿಗೆ ಕೌನ್ಸೆಲರ್ ಸಿಕ್ಕಿದ್ದಾರೆ ಎನ್ನುವುದಕ್ಕೂ ಎಷ್ಟು ದೂರ ಎಂದು ನನ್ನ ಕಾಲಿಗೆ ಗೊತ್ತು, ಆ ದಾರಿಯಲ್ಲಿ ನಡೆದದ್ದು ನಾನೇ.

ಕೌನ್ಸೆಲರ್ ಇರಬೇಕು ಎನ್ನುವುದು ಸಿಬಿಎಸ್‌ಇ ನಿಯಮಾವಳಿಯಲ್ಲಿ ವರ್ಷಗಳಿಂದ ಇದೆ. ನನ್ನನ್ನು ತೆಗೆದುಕೊಂಡದ್ದೂ ಅದಕ್ಕೇ. ಶಾಲೆಯಲ್ಲಿ 2,200 ಮಕ್ಕಳು, ನಾನೊಬ್ಬಳು. ಅಮೆರಿಕದ ಶಾಲಾ ಮನಃಶಾಸ್ತ್ರಜ್ಞರ ರಾಷ್ಟ್ರೀಯ ಸಂಘ 500 ಮಕ್ಕಳಿಗೆ ಒಬ್ಬರಿರಬೇಕು ಎನ್ನುತ್ತದೆ. ಆ ಲೆಕ್ಕ ಇಲ್ಲಿ ತೆಗೆದರೆ ನಗುತ್ತಾರೆ, ಇರಲಿ. ನನಗೆ ಕೊಟ್ಟ ಕೋಣೆ ಉಪಪ್ರಾಂಶುಪಾಲರ ಕೋಣೆಗೆ ಅಂಟಿಕೊಂಡಿತ್ತು, ನಡುವೆ ಗಾಜಿನ ಗೋಡೆ. ಒಳಗೆ ಕೂತ ಮಗು ಅಳುತ್ತಿದೆಯೋ ನಗುತ್ತಿದೆಯೋ ಎಂದು ಕಾರಿಡಾರಿನಲ್ಲಿ ನೀರು ಕುಡಿಯಲು ಹೋಗುವವರೆಲ್ಲ ನೋಡಬಹುದಿತ್ತು. ಪರದೆ ಹಾಕಿಸಿ ಎಂದು ಮೂರು ಸಲ ಬರೆದುಕೊಟ್ಟೆ. ಪಾರದರ್ಶಕತೆ ಮುಖ್ಯ ಎಂಬ ಉತ್ತರ ಬಂತು.

ಯಾವ ಟೀಚರ್ ರಜೆ ಹಾಕಿದರೂ ಆ ಪೀರಿಯಡ್ಡು ನನ್ನದು. ಮೌಲ್ಯಶಿಕ್ಷಣ ನನ್ನದು. ವಾರ್ಷಿಕೋತ್ಸವದ ನಿರೂಪಣೆಯೂ ನನ್ನದೇ, ದನಿ ಚೆನ್ನಾಗಿದೆ ಅಂತ. ಅಡ್ಮಿಷನ್ ಕಾಲದಲ್ಲಿ ನಾಲ್ಕು ವರ್ಷದ ಕೂಸುಗಳ ಜೊತೆ ಆಟ ಆಡಿ ಯಾವುದು 'ಸೆಟ್' ಆಗುತ್ತದೆ, ಯಾವುದು ತೊಂದರೆ ಕೊಡಬಹುದು ಎಂದು ಹೇಳಬೇಕಿತ್ತು. ಹೇಳಿದೆ. ಎರಡು ವರ್ಷ ಹೇಳಿದೆ. ಸಹಾಯ ಬೇಕಾದ ಮಗುವನ್ನು ಗುರುತಿಸುವ ನನ್ನ ಓದನ್ನು ಅಂಥ ಮಗುವನ್ನು ಗೇಟಿನ ಹೊರಗೇ ಇಡಲು ಬಳಸುತ್ತಿದ್ದಾರೆ ಎಂಬುದು ಮೂರನೆಯ ವರ್ಷ ತಲೆಗೆ ಹೊಕ್ಕಿತು.

ಮಕ್ಕಳ ಬಾಯಲ್ಲಿ ನನ್ನ ಕೋಣೆ ಒಂದು ಬೆದರಿಕೆ. "ಸುಮ್ಮನೆ ಕೂರ್ತೀಯೋ, ಕೌನ್ಸೆಲಿಂಗಿಗೆ ಕಳಿಸ್ಲೋ?" ಈ ವಾಕ್ಯ ಹಿಂದಿಯಲ್ಲಿ, ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ದಿನಕ್ಕೆ ನಾಲ್ಕು ಸಲ ಕಿವಿಗೆ ಬೀಳುತ್ತಿತ್ತು. ಮೊದಲು ಡಯರಿಯಲ್ಲಿ ಷರಾ, ಆಮೇಲೆ ತರಗತಿಯ ಹೊರಗೆ ನಿಲ್ಲುವುದು, ಆಮೇಲೆ ನಾನು, ನನ್ನ ನಂತರ ಅಪ್ಪ ಅಮ್ಮ. ಶಿಕ್ಷೆಯ ಏಣಿಯಲ್ಲಿ ಮೂರನೆಯ ಮೆಟ್ಟಿಲಾಗಿದ್ದವಳ ಹತ್ತಿರ ಯಾವ ಮಗು ತಾನಾಗಿ ಬಂದೀತು? ಬಂದವರೂ ಇದ್ದರು, ಅದು ಆ ಮಕ್ಕಳ ಧೈರ್ಯ.

ಅಂಥ ಒಬ್ಬಳ ವಿಷಯ ಹೇಳಬೇಕು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಒಂಬತ್ತನೆಯ ತರಗತಿ. ತಾನಾಗಿ ಬಂದು ಕೂತಳು, ಮೂರು ವಾರ ಬರೀ ಬಣ್ಣ ಹಚ್ಚಿದಳು, ನಾಲ್ಕನೆಯ ವಾರ ಮಾತಾಡಿದಳು. ಮನೆಯಲ್ಲಿ ನಡೆಯುವುದು, ತರಗತಿಯಲ್ಲಿ ಅವಳಿಗೆ ಇಟ್ಟ ಹೆಸರು, ಬೆಳಿಗ್ಗೆ ಏಳುವುದೇ ಬೇಡ ಎನ್ನಿಸುವುದು. ಪ್ರಾಣಕ್ಕೆ ಅಪಾಯ ಇದೆಯೇ ಎಂದು ನೇರವಾಗಿ ಕೇಳಿದೆ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎಷ್ಟೋ ಸಲ ಹಗುರಾಗುತ್ತದೆ. ಸದ್ಯಕ್ಕಿಲ್ಲ, ಆದರೆ ಹತ್ತಿರದಲ್ಲಿ ಯಾರಾದರೂ ಇರಬೇಕು ಎಂದು ನನಗೆ ಅನ್ನಿಸಿತು. ಅವಳ ಚಿಕ್ಕಮ್ಮನಿಗೆ ಹೇಳೋಣ ಎಂದು ಇಬ್ಬರೂ ಸೇರಿ ತೀರ್ಮಾನಿಸಿದೆವು. ಚಿಕ್ಕಮ್ಮ ಬಂದರು. ಒಬ್ಬ ಮನೋವೈದ್ಯರ ಹೆಸರು ಕೊಟ್ಟೆ. ಕೆಲಸ ನಡೆಯುತ್ತಿತ್ತು.

ಆ ತಿಂಗಳೇ ಬೇರೊಂದು ಶಾಲೆಯ ಯಾವುದೋ ಸುದ್ದಿ ಪತ್ರಿಕೆಯಲ್ಲಿ ಬಂತು. ನಮ್ಮ ಆಡಳಿತ ಮಂಡಳಿಗೆ ಗಾಬರಿ. 'ರಿಸ್ಕ್ ಇರುವ' ಮಕ್ಕಳ ಫೈಲುಗಳನ್ನೆಲ್ಲ ಆಫೀಸಿಗೆ ಕೊಡಿ ಎಂದರು. ಕೊಡುವುದಿಲ್ಲ ಎಂದೆ. ಅವು ಶಾಲೆಯ ಕಾಗದ, ಶಾಲೆಯ ಕಪಾಟು, ನಿಮ್ಮ ಸಂಬಳವೂ ಶಾಲೆಯದು ಎಂದರು. ಎರಡು ದಿನ ತಡೆದೆ, ಮೂರನೆಯ ದಿನ ಕೊಟ್ಟೆ. ಅಪ್ಪ ಅಮ್ಮನನ್ನು ಕರೆಸಿ ಅವಳು ನನಗೆ ಹೇಳಿದ್ದನ್ನು ಅವಳೆದುರೇ ಓದಿದರು. ಎರಡು ವಾರದಲ್ಲಿ 'ಪೋಷಕರ ಕೋರಿಕೆಯ ಮೇರೆಗೆ' ಟಿಸಿ. ಹೋಗುವ ದಿನ ಅವಳು ಗಾಜಿನಾಚೆಯಿಂದ ಒಮ್ಮೆ ನೋಡಿದಳು, ಒಳಗೆ ಬರಲಿಲ್ಲ. ಆಮೇಲೆ ಏನಾದಳು ಎಂದು ನನಗೆ ತಿಳಿಯದು. ಶಾಲೆಯನ್ನು ಬೈಯುವುದು ಸುಲಭ. ಫೈಲು ಕೊಟ್ಟ ಕೈ ನನ್ನದು.

ಕನ್ನಡದಲ್ಲಿ ಈ ಕೆಲಸಕ್ಕೆ ಆಪ್ತಸಮಾಲೋಚನೆ ಎನ್ನುತ್ತೇವೆ. ಯಾರು ಹುಟ್ಟಿಸಿದರೋ, ಇಂಗ್ಲಿಷಿನ ಪದಕ್ಕಿಂತ ಒಳ್ಳೆಯ ಪದ. ನನ್ನ ಜಗಳ ಇರುವುದೆಲ್ಲ ಆ ಮೊದಲ ಎರಡಕ್ಷರದ ಮೇಲೆ. ಯಾರಿಗೆ ಆಪ್ತ? ಇಂದಿನ ವ್ಯವಸ್ಥೆಯಲ್ಲಿ ಶಾಲೆಯ ಮನಃಶಾಸ್ತ್ರಜ್ಞೆ ಪ್ರಾಂಶುಪಾಲರ ಆಪ್ತಳು. ಅವಳ ನೇಮಕ, ಸಂಬಳ, ಬಡ್ತಿ, ಕೋಣೆ, ಕಪಾಟಿನ ಕೀಲಿ ಎಲ್ಲ ಅಲ್ಲಿಂದಲೇ ಬರುತ್ತವೆ. ಮಗುವಿನಿಂದ ಶಾಲೆಗೆ ಕೆಟ್ಟ ಹೆಸರು ಬಾರದಂತೆ ನೋಡಿಕೊಳ್ಳುವುದು ಅವಳ ಕೆಲಸ. ಶಾಲೆಯಿಂದಲೇ ಮಗುವಿಗೆ ಪೆಟ್ಟು ಬೀಳುತ್ತಿದ್ದರೆ ಅದನ್ನು ಹೇಳಲು ಅವಳಿಗೆ ಜಾಗವೇ ಇಲ್ಲ. ಹೀಗಿರುವಾಗ ನೂರಕ್ಕೊಬ್ಬರನ್ನು ನೇಮಿಸಿದರೂ ಕಪಾಟುಗಳು ಹೆಚ್ಚಾಗುತ್ತವೆ, ಅಷ್ಟೇ.

ಹಾಗಾದರೆ ಮಗು ಹೇಳಿದ್ದನ್ನೆಲ್ಲ ಮುಚ್ಚಿಡಬೇಕೆ ಎಂದು ಕೇಳುತ್ತಾರೆ. ಖಂಡಿತ ಇಲ್ಲ. ಲೈಂಗಿಕ ದೌರ್ಜನ್ಯ ಎಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. ತಮಾಷೆ ಎಂದರೆ, ಕಾನೂನು ಬಾಯಿ ಬಿಡು ಎನ್ನುವ ಈ ಜಾಗದಲ್ಲೇ ಶಾಲೆಗಳು ಗೋಪ್ಯತೆಯ ಮಾತಾಡುತ್ತವೆ. ಪ್ರಾಣಕ್ಕೆ ಅಪಾಯವಿದ್ದರೂ ಹೇಳಬೇಕು. ಆದರೆ ಯಾರಿಗೆ, ಎಷ್ಟು, ಯಾವಾಗ ಎನ್ನುವುದೇ ಈ ವೃತ್ತಿಯ ಅರ್ಧ ವಿದ್ಯೆ. ಮೊದಲ ದಿನವೇ ಮಗುವಿಗೆ ಹೇಳಬೇಕು: ಇಂತಿಂಥದ್ದನ್ನು ನಾನು ಒಳಗೆ ಇಟ್ಟುಕೊಳ್ಳಲಾರೆ, ಅದನ್ನು ಹೇಳುವ ಮುಂಚೆ ನಿನಗೆ ತಿಳಿಸುತ್ತೇನೆ, ಉಳಿದದ್ದು ಈ ಕೋಣೆ ದಾಟುವುದಿಲ್ಲ. ಮಗುವಿನ ಸುರಕ್ಷತೆಗಾಗಿ ಚಿಕ್ಕಮ್ಮನಿಗೆ ಹೇಳುವುದು ಒಂದು. ಶಾಲೆಯ ಸುರಕ್ಷತೆಗಾಗಿ ಆಡಳಿತ ಮಂಡಳಿಗೆ ಫೈಲು ಒಪ್ಪಿಸುವುದು ಇನ್ನೊಂದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯಲ್ಲಿರುವವರಿಗೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಅದರಲ್ಲಿ ಶಾಲೆಯ ಕೌನ್ಸೆಲಿಂಗ್ ಕೋಣೆಯ ಹೆಸರಿಲ್ಲ.

ಇನ್ನು ಪೋಷಕರಾದ ನಮ್ಮ ವಿಷಯ. ಬೇಜಾರಾದರೂ ಓದಿ. "ಏನೇ ಇರಲಿ, ರಿಜಿಸ್ಟರಿನಲ್ಲಿ ಅವಳ ಹೆಸರು ಬರೀಬೇಡಿ" ಎನ್ನುವವರು ನಾವು. ಅದೇ ಉಸಿರಿನಲ್ಲಿ "ನನ್ನ ಮಗ ನಿಮ್ಮತ್ರ ಏನ್ ಹೇಳ್ದ?" ಎಂದು ಕೇಳುವವರೂ ನಾವೇ. ಊರು ಬಿಟ್ಟು ಬಂದ ನಮಗೆ ಮಕ್ಕಳ ಅಂಕಗಳೇ ಇಲ್ಲಿ ಬೇರೂರಿದ್ದಕ್ಕೆ ರಸೀದಿ. ನಮ್ಮ ಕನ್ನಡ ಸಂಘಗಳನ್ನೇ ನೋಡಿ. ರಾಜ್ಯೋತ್ಸವ ಬಂತೆಂದರೆ ತೊಂಬತ್ತರ ಮೇಲೆ ತೆಗೆದ ಮಕ್ಕಳಿಗೆ ಪ್ರತಿಭಾ ಪುರಸ್ಕಾರ, ಶಾಲು, ಫಲಕ, ಫೋಟೊ. ಅರವತ್ತೆರಡು ತೆಗೆದ ಮಗು ಅದೇ ಸಭೆಯಲ್ಲಿ ಮೂರನೆಯ ಸಾಲಿನಲ್ಲಿ ಅಮ್ಮನ ಪಕ್ಕ ಕೂತು ಚಪ್ಪಾಳೆ ತಟ್ಟುತ್ತಿರುತ್ತದೆ. ಅಂಕಗಳ ಮೇಲೆ ಮಕ್ಕಳನ್ನು ವಿಂಗಡಿಸಬೇಡಿ, ಎಲ್ಲರೆದುರು ಕುಗ್ಗಿಸಬೇಡಿ ಎಂದು ಕೋರ್ಟು ಹೇಳಿದ್ದು ಸಂಸ್ಥೆಗಳಿಗೆ. ಸಂಘದ ಪದಾಧಿಕಾರಿಗಳೂ ಒಮ್ಮೆ ಓದಬಹುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಲೆಕ್ಕದಲ್ಲಿ 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಅವರೆಲ್ಲರ ಮನೆಯವರೂ ಯಾವುದೋ ಸಭೆಯಲ್ಲಿ ಚಪ್ಪಾಳೆ ತಟ್ಟಿದವರೇ.

ನಮ್ಮಂಥವರ ಮಕ್ಕಳಿಗೆ ಇನ್ನೊಂದು ತೊಡಕಿದೆ. ಆರನೆಯ ತರಗತಿಯ ಹುಡುಗನೊಬ್ಬನನ್ನು 'ಮಂದ' ಎಂಬ ಚೀಟಿಯೊಂದಿಗೆ ಕಳಿಸಿದ್ದರು. ಮನೆ ವಿಜಯಪುರದ ಕಡೆಯದು, ತಂದೆ ಪಿಂಪ್ರಿಯಲ್ಲಿ ಟೆಂಪೊ ಇಟ್ಟಿದ್ದರು. ಇಂಗ್ಲಿಷಿನಲ್ಲಿ ಕೇಳಿದರೆ ನೆಲ ನೋಡುತ್ತಿದ್ದ, ಹಿಂದಿಯಲ್ಲಿ ಒಂದೊಂದು ಪದ. "ಏನಪಾ, ಉಂಡಿಯೇನ?" ಎಂದೆ. ಮುಖ ಎತ್ತಿದ. ಟೆಂಪೊದ ಗೇರ್ ಬಾಕ್ಸ್ ಹೇಗೆ ಕೆಟ್ಟಿತು, ಅಪ್ಪ ಎಲ್ಲಿ ಮೋಸ ಹೋದ, ಮೆಕ್ಯಾನಿಕ್ಕು ಎಷ್ಟು ಹೆಚ್ಚಿಗೆ ಹಾಕಿದ ಎಂದು ಇಪ್ಪತ್ತು ನಿಮಿಷ ಲೆಕ್ಕ ಸಮೇತ ಹೇಳಿದ. ಆ ಹುಡುಗನ ಇಂಗ್ಲಿಷ್ ಮಂದವಿತ್ತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಆಟಕ್ಕೆ ಹಿಂದಿ ಇರುವ ಮಗುವನ್ನು ಅದರ ನಾಲ್ಕನೆಯ ಭಾಷೆಯಲ್ಲಿ ಅಳೆದು ಬುದ್ಧಿ ಇಷ್ಟು ಎಂದು ಬರೆಯುತ್ತೇವೆ. ನಾಗಪುರದಲ್ಲಿ ಮಾಲಿನ್ ಎಂಬ ಪಾದ್ರಿ ಭಾರತದ ಮಕ್ಕಳಿಗೆಂದು ಹೊಂದಿಸಿದ ಬುದ್ಧಿಪರೀಕ್ಷೆಗೆ ಐವತ್ತು ವರ್ಷ ದಾಟಿದೆ. ಇವತ್ತಿಗೂ ಎಷ್ಟೋ ಕಡೆ ಅದೇ ಪೆಟ್ಟಿಗೆ ತೆರೆಯುತ್ತಾರೆ. ಕಲಿಕೆಯ ನಿಜವಾದ ತೊಡಕು ಇರುವ ಮಕ್ಕಳೂ ಇದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ಅದೂ ಒಂದು, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಅವರ ಹಕ್ಕು. ಯಾರದು ಭಾಷೆಯ ತೊಡಕು, ಯಾರದು ಕಲಿಕೆಯ ತೊಡಕು ಎಂದು ಬಿಡಿಸಿ ನೋಡಲು ವಾರಗಳು ಬೇಕು. 2,200 ಮಕ್ಕಳ ನಡುವೆ ಅಷ್ಟು ವಾರಗಳು ಎಲ್ಲಿ?

ಬಿನೆ 1905ರಲ್ಲಿ ಪ್ಯಾರಿಸಿನಲ್ಲಿ ಮೊದಲ ಪರೀಕ್ಷೆ ಮಾಡಿದ್ದು ಯಾವ ಮಗುವಿಗೆ ಹೆಚ್ಚು ಆಸರೆ ಬೇಕು ಎಂದು ಕಂಡುಕೊಳ್ಳಲು. ನಾವು ಅದನ್ನು ಅಡ್ಮಿಷನ್ ಮೇಜಿನ ಮೇಲೆ ತಂದಿಟ್ಟೆವು.

"ನಮ್ಮ ಕಾಲದಲ್ಲಿ ಕೌನ್ಸೆಲರ್ ಎಲ್ಲಿದ್ದರು, ಮಾಸ್ತರರೇ ಎಲ್ಲ" ಎನ್ನುವವರಿಗೆ ನನ್ನಲ್ಲಿ ಅರ್ಧ ಒಪ್ಪಿಗೆ ಇದೆ. ದಿನಕ್ಕೆ ಆರು ಗಂಟೆ ಮಗುವನ್ನು ನೋಡುವುದು ಟೀಚರ್. ಏಳು ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸವೆಲ್ಲ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ, ಈ ಹುಡುಗನನ್ನು ಕಿಟಕಿ ಪಕ್ಕದಿಂದ ಮುಂದೆ ಕೂರಿಸಿ, ಆ ಹುಡುಗಿಗೆ ಗಟ್ಟಿಯಾಗಿ ಓದಲು ಹೇಳಬೇಡಿ ಎಂದು ಆಡಿದ ಮಾತುಗಳಿಂದ ಆದದ್ದು. ಆದರೆ ಆ ಕಾಲದಲ್ಲಿ ನಡುವೆಯೇ ಶಾಲೆ ಬಿಟ್ಟವರು, ಬೆತ್ತಕ್ಕೆ ಹೆದರಿ ಮನೆ ಬಿಟ್ಟು ಓಡಿದವರು ಇವತ್ತು ಬಂದು ತಮ್ಮ ಕಾಲದ ಬಗ್ಗೆ ಭಾಷಣ ಮಾಡುವುದಿಲ್ಲ. ಭಾಷಣ ಮಾಡುವವರು ಉಳಿದುಕೊಂಡವರು.

ಮುಂದಿನ ಪೋಷಕರ ಸಭೆಗೆ ಹೋದಾಗ ಗಣಿತದ ಟೀಚರಿನ ಸಾಲಿನಿಂದ ಹತ್ತು ನಿಮಿಷ ತಪ್ಪಿಸಿಕೊಂಡು ಆ ಕೋಣೆಯನ್ನು ಹುಡುಕಿ. ಬಾಗಿಲು ಮುಚ್ಚುತ್ತದೆಯೇ ನೋಡಿ. ಕೌನ್ಸೆಲರಿಗೆ ವಾರಕ್ಕೆ ಎಷ್ಟು ಬದಲಿ ಪೀರಿಯಡ್ಡು ಎಂದು ಕೇಳಿ. ಟಿಪ್ಪಣಿಗಳನ್ನು ಯಾರು ಓದಬಹುದು ಎಂದು ಶಾಲೆ ಬರೆದುಕೊಡಲಿ. ಆ ಪಟ್ಟಿಯಲ್ಲಿ ನಿಮ್ಮ ಹೆಸರೂ ಇರದಿದ್ದರೆ ಸಿಟ್ಟಾಗಬೇಡಿ. ಟೆಲಿಮನಸ್ ಸಹಾಯವಾಣಿಯ ಸಂಖ್ಯೆ 14416, ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಅದು ಶಾಲೆಯ ಗೋಡೆಯ ಮೇಲೆ ಎದ್ದು ಕಾಣಬೇಕು ಎಂದು ಅದೇ ತೀರ್ಪು ಹೇಳಿದೆ. ಮುಂಬಯಿ ಮಹಾನಗರಪಾಲಿಕೆ ನಡೆಸುವ ಕನ್ನಡ ಶಾಲೆಗಳ ಹಳೆಯ ವಿದ್ಯಾರ್ಥಿಗಳು ಈ ಪತ್ರ ಓದುತ್ತಿದ್ದರೆ ನಿಮಗೊಂದು ಕೆಲಸ. ಮಕ್ಕಳ ಸಂಖ್ಯೆ ನೂರಕ್ಕಿಂತ ಕೆಳಗಿರುವ ಶಾಲೆ ಹೊರಗಿನ ತಜ್ಞರ ಜೊತೆ ನಂಟು ಇಟ್ಟುಕೊಂಡರೆ ಸಾಕು ಎಂದಿದೆ ಕೋರ್ಟು. ಆ ತಜ್ಞರಿಗೆ ಕನ್ನಡ ಬರುತ್ತದೆಯೇ ಎಂದು ಕೇಳುವವರು ನೀವಲ್ಲದೆ ಬೇರೆ ಯಾರೂ ಇಲ್ಲ.

ನಾನು ಬಿಟ್ಟುಬಂದ ಶಾಲೆಯಲ್ಲಿ ಈಗ ಹೊಸಬರಿದ್ದಾರೆ, ಇಪ್ಪತ್ತೈದು ಇಪ್ಪತ್ತಾರರ ಹುಡುಗಿ. ಮೊನ್ನೆ ಫೋನ್ ಮಾಡಿದ್ದಳು. ತಪಾಸಣೆಗೆ ಬರುತ್ತಾರಂತೆ, ಹಳೆಯ ಕೌನ್ಸೆಲಿಂಗ್ ರಿಜಿಸ್ಟರಿನ ನಮೂನೆ ಇದ್ದರೆ ಕಳಿಸಿ ಎಂದಳು. ಕಳಿಸುತ್ತೇನೆ, ಆದರೆ ಆ ಕಪಾಟಿನ ಕೀಲಿ ಈಗ ಯಾರ ಹತ್ತಿರ ಇದೆ ಎಂದು ಕೇಳಿದೆ.

"ಆಫೀಸಿನಲ್ಲಿ ಮ್ಯಾಡಮ್. ಯಾಕೆ?"