ಹಳೇ ಕ್ಯಾಮರಾ ಕೊಳ್ಳಲು ಟಾರ್ಚ್ ಹಿಡಿದು ಹೋಗಿ

ಹೋದ ತಿಂಗಳು ಬೆಂಗಳೂರಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಶಿರಸಿ ಹತ್ತಿರದ ನಮ್ಮೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ನನ್ನ ಕೈಯಲ್ಲಿ ವಿಜ್ಞಾನ ಕಲಿತವನು. ಈಗ ಸಾಫ್ಟ್‌ವೇರ್ ಕೆಲಸ. "ಅಕ್ಕೋರೇ, ರೀಲ್ ಕ್ಯಾಮರಾ ತಗೊಳ್ಬೇಕು ಅಂತಿದೀನಿ. ರೇಂಜ್‌ಫೈಂಡರೇ ಬೇಕು. ಇಪ್ಪತ್ತೈದು ಸಾವಿರ ಕೂಡಿಟ್ಟಿದೀನಿ. ಇನ್ನೊಂದು ವರ್ಷ ತಡೆದು ಲೈಕಾನೇ ತಗೊಳ್ಳಲಾ?"

ತಡೆಯಬೇಡ ಎಂದೆ. ಇದೇ ಪ್ರಶ್ನೆಯನ್ನು ಕಳೆದ ಎರಡು ವರ್ಷಗಳಲ್ಲಿ ಎಷ್ಟೋ ಹುಡುಗ ಹುಡುಗಿಯರು ಕೇಳಿದ್ದಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಲೈಕಾ ಬೇಡ ಎಂದದ್ದು ಅದು ಕೆಟ್ಟ ಕ್ಯಾಮರಾ ಎಂದಲ್ಲ. 1954ರ ಲೈಕಾ ಎಂ3ರ ಕಿಂಡಿಯಲ್ಲಿ ಒಮ್ಮೆ ಇಣುಕಿದವರು ಅದನ್ನು ಮರೆಯುವುದಿಲ್ಲ. ಆದರೆ ಅದರ ಬಾಡಿಗೇ ಲಕ್ಷದ ಹತ್ತಿರ ಬೇಕು, ಲೆನ್ಸಿನ ಬೆಲೆ ಬೇರೆ. ಅಷ್ಟು ಸುರಿದ ಮೇಲೆ ರೋಲಿಗೆ ದುಡ್ಡು ಉಳಿಯುವುದಿಲ್ಲ. 36 ಚಿತ್ರಗಳ ಒಂದು ಕಲರ್ ರೋಲಿಗೆ ಈಗ ಸಾವಿರ ರೂಪಾಯಿಯ ಆಸುಪಾಸು, ತೊಳೆಸಿ ಸ್ಕ್ಯಾನ್ ಮಾಡಿಸುವ ಖರ್ಚು ಅದರ ಮೇಲೆ. ಕೈಯಲ್ಲಿರುವ ಹಣದಲ್ಲಿ ಮೂರನೇ ಒಂದು ಪಾಲು ಮಾತ್ರ ಕ್ಯಾಮರಾಕ್ಕೆ ಹೋಗಬೇಕು, ಉಳಿದದ್ದು ಸರ್ವೀಸಿಗೆ, ರೋಲಿಗೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹತ್ತು ರೋಲ್ ತೆಗೆದವನಿಗೆ ತನಗೆ ಯಾವ ಕ್ಯಾಮರಾ ಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಒಂದೂ ರೋಲ್ ತೆಗೆಯದೆ ಕಪಾಟಿನಲ್ಲಿಟ್ಟವನಿಗೆ ಲೈಕಾ ಏನನ್ನೂ ಕಲಿಸುವುದಿಲ್ಲ.

ರೇಂಜ್‌ಫೈಂಡರ್ ಅಂದರೇನು ಎಂದು ಕೇಳುವವರಿಗೆ ಶಾಲೆಯಲ್ಲಿ ಮಾಡಿಸುತ್ತಿದ್ದ ಆಟವನ್ನೇ ಹೇಳುತ್ತೇನೆ. ಹೆಬ್ಬೆರಳನ್ನು ಮುಖದ ಮುಂದೆ ಚಾಚಿ, ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಅತ್ತಿತ್ತ ಜಿಗಿಯುತ್ತದೆ. ಹತ್ತಿರ ತಂದರೆ ಹೆಚ್ಚು ಜಿಗಿತ, ದೂರ ಹಿಡಿದರೆ ಕಡಿಮೆ. ಈ ಕ್ಯಾಮರಾಕ್ಕೂ ಹಾಗೆಯೇ ಎರಡು ಕಿಟಕಿ. ಒಂದರಿಂದ ನೀವು ನೇರ ನೋಡುತ್ತೀರಿ. ಇನ್ನೊಂದರಿಂದ ಬಂದ ಬಿಂಬ ಕನ್ನಡಿಯಲ್ಲಿ ತಿರುಗಿ ನಡುವಿನ ಚಿಕ್ಕ ಹಳದಿ ಚೌಕದಲ್ಲಿ ಬೀಳುತ್ತದೆ. ಲೆನ್ಸಿನ ಉಂಗುರ ತಿರುಗಿಸುತ್ತ ಹೋದರೆ ಎರಡು ಬಿಂಬ ಒಂದರ ಮೇಲೊಂದು ಕೂರುತ್ತವೆ. ಅಲ್ಲಿಗೆ ಫೋಕಸ್ ಸರಿಯಾಯಿತು. ಎರಡು ಕಿಟಕಿಗಳ ನಡುವೆ ಅಂತರ ಹೆಚ್ಚಿದ್ದಷ್ಟೂ ಈ ಅಳತೆ ನಿಖರ. ಕೊಳ್ಳುವಾಗ ಈ ಒಂದು ಸಂಗತಿ ತಲೆಯಲ್ಲಿರಲಿ, ಮುಂದೆ ಮತ್ತೆ ಬರುತ್ತದೆ.

ಇದರಲ್ಲಿ ಎಸ್‌ಎಲ್‌ಆರ್‌ನ ಹಾಗೆ ಮೇಲಕ್ಕೆ ಹಾರುವ ಕನ್ನಡಿ ಇಲ್ಲ. ಹಾಗಾಗಿ ಸದ್ದು ಕಡಿಮೆ, ಕೈಗೆ ಅದುರು ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ, ಗುಂಡಿ ಒತ್ತಿದ ಆ ಕ್ಷಣ ಕಣ್ಣ ಮುಂದೆ ಕತ್ತಲಾಗುವುದಿಲ್ಲ. ತೆಗೆಯುತ್ತಿರುವ ಮುಖ ಕಾಣುತ್ತಲೇ ಇರುತ್ತದೆ. ನನ್ನ ಆಯಿಯ ಒಂದು ಪಟ ನನ್ನಲ್ಲಿದೆ. 1986ರ ಕೊಯ್ಲಿನ ಕಾಲ. ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಳು. ತಲೆಯ ಮೇಲೊಂದು ಬಲ್ಬು, ಬೇರೆ ಬೆಳಕಿಲ್ಲ. ಆ ಮಬ್ಬಿನಲ್ಲಿ ಅವಳ ಮುಖಕ್ಕೆ ಫೋಕಸ್ ಸಿಗಲಿಲ್ಲ. ಕತ್ತಿಯ ಅಂಚಿನಲ್ಲಿ ಒಂದು ಬಿಳಿ ಗೆರೆ ಹೊಳೆಯುತ್ತಿತ್ತು. ಹಳದಿ ಚೌಕದಲ್ಲಿ ಆ ಗೆರೆ ಎರಡಾಗಿತ್ತು, ಉಂಗುರ ತಿರುಗಿಸಿದೆ, ಒಂದಾಯಿತು. ಆಯಿಯ ಮುಖವೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿತ್ತು. ಗುಂಡಿ ಒತ್ತಿದ್ದು ಅವಳಿಗೆ ಕೇಳಿಸಲೇ ಇಲ್ಲ, ಕೈ ನಿಲ್ಲಲಿಲ್ಲ. ಅವಳು ಹೋಗಿ ಹದಿನೆಂಟು ವರ್ಷವಾಯಿತು. ಅವಳ ಬೇರೆ ಪಟಗಳಲ್ಲೆಲ್ಲ ಸೆರಗು ಸರಿಮಾಡಿಕೊಂಡು ಕ್ಯಾಮರಾ ನೋಡಿದ್ದಾಳೆ. ಇದೊಂದರಲ್ಲಿ ಕೆಲಸ ನೋಡುತ್ತಿದ್ದಾಳೆ.

ಆ ಪಟ ತೆಗೆದದ್ದು ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್‌ನಲ್ಲಿ. ಮಸ್ಕತ್ತಿನಲ್ಲಿದ್ದ ಅಣ್ಣ 1979ರಲ್ಲಿ ತಂದುಕೊಟ್ಟದ್ದು. ಕೊಲ್ಲಿಯಿಂದ ಬಂದ ಟೇಪ್‌ರೆಕಾರ್ಡರ್‌ಗಳ ಜೊತೆ ಇಂಥ ಕ್ಯಾಮರಾ ಆಗ ನಮ್ಮ ಕಡೆ ಹಲವು ಮನೆಗಳಿಗೆ ಬಂದಿತ್ತು. ಇವತ್ತಿಗೂ ಹಳೆ ಸ್ಟುಡಿಯೋಗಳಲ್ಲಿ, ಬೆಂಗಳೂರಿನ ಚಿಕ್ಕಪೇಟೆಯ ಭಾನುವಾರದ ಬಜಾರಿನಲ್ಲಿ ಸಿಗುತ್ತದೆ. 45 ಮಿಮೀ ಎಫ್/1.7 ಲೆನ್ಸ್, ಅಪ್ಪಟ ಚಿನ್ನ. ಆದರೂ ಮೊದಲ ಕ್ಯಾಮರಾ ಆಗಿ ಇದನ್ನು ಯಾರಿಗೂ ಹೇಳುವುದಿಲ್ಲ. ಶಟರ್ ವೇಗ ನಿಮ್ಮ ಕೈಯಲ್ಲಿಲ್ಲ, ಕ್ಯಾಮರಾವೇ ನಿರ್ಧರಿಸುತ್ತದೆ. ಬ್ಯಾಟರಿ ಸತ್ತರೆ 1/500 ಬಿಟ್ಟು ಬೇರೆ ವೇಗ ಇಲ್ಲ. ಅದರ ಪಾದರಸದ ಬ್ಯಾಟರಿ ಬರುವುದು ನಿಂತು ಎಷ್ಟೋ ಕಾಲವಾಯಿತು. ನಾನು 6 ವೋಲ್ಟಿನ ಚಿಕ್ಕ ಬ್ಯಾಟರಿಗೆ ದಪ್ಪ ಕಾಗದ ಸುತ್ತಿ, ಒಂದು ಸ್ಪ್ರಿಂಗ್ ಇಟ್ಟು ಓಡಿಸುತ್ತಿದ್ದೇನೆ. ಒಳಗಿನ ಒಂದು ರಬ್ಬರ್ ತುಂಡು ವಯಸ್ಸಿಗೆ ಕರಗಿ ಹೋಗುವುದೂ ಈ ಮಾಡೆಲ್ಲಿನ ಹುಟ್ಟುರೋಗ. ಲಿವರ್ ಎಳೆದಾಗ ಒಳಗೆ ಟಕ್ ಎಂದು ಸದ್ದಾಗಬೇಕು. ಆಗದಿದ್ದರೆ ಆ ರಬ್ಬರ್ ಹೋಗಿದೆ ಎಂದೇ ಅರ್ಥ.

ನನ್ನ ಮೊದಲ ಆಯ್ಕೆ ಕ್ಯಾನನ್‌ನ ಕ್ಯಾನನೆಟ್ ಕ್ಯೂಎಲ್17 ಜಿ3. 1972ರಲ್ಲಿ ಬಂತು. 40 ಮಿಮೀ ಎಫ್/1.7 ಲೆನ್ಸ್, ಬಿಚ್ಚಲು ಬರುವುದಿಲ್ಲ. ಬಿಚ್ಚಲು ಬರದಿರುವುದೇ ಕಲಿಯುವವರಿಗೆ ಒಳ್ಳೆಯದು, ಇನ್ನೊಂದು ಲೆನ್ಸಿನ ಹಿಂದೆ ಮನಸ್ಸು ಓಡುವುದಿಲ್ಲ. ಬ್ಯಾಟರಿ ಇಲ್ಲದಿದ್ದರೂ 1/4ರಿಂದ 1/500ರವರೆಗೆ ಎಲ್ಲ ವೇಗವೂ ನಡೆಯುತ್ತದೆ, ಬೆಳಕು ಅಳೆಯುವ ಮೀಟರ್ ಮಾತ್ರ ಸುಮ್ಮನಿರುತ್ತದೆ. ಮೀಟರೂ ಬೇಕೆಂದರೆ ಮೆಡಿಕಲ್ ಶಾಪಿನಲ್ಲಿ ಕಿವಿಯ ಮಿಷನ್ನಿಗೆ ಹಾಕುವ 675 ನಂಬರಿನ ಬ್ಯಾಟರಿ ಕೇಳಿ. 1.4 ವೋಲ್ಟ್, ಹಳೆಯ 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಬಹಳ ಹತ್ತಿರ. ಹಿಂಬಾಗಿಲಿನ ಸುತ್ತ ಬೆಳಕು ನುಗ್ಗದಂತೆ ಅಂಟಿಸಿದ ಸ್ಪಂಜು ಡಾಂಬರಿನ ಹಾಗೆ ಕರಗಿರುತ್ತದೆ. ಅದಕ್ಕೆ ಹೆದರಬೇಡಿ, ಕೆರೆದು ಹೊಸದು ಹಾಕುವುದು ಒಂದು ಮಧ್ಯಾಹ್ನದ ಕೆಲಸ.

ಲೆನ್ಸ್ ಬಿಚ್ಚುವ ಕ್ಯಾಮರಾವೇ ಬೇಕೆಂಬ ಹಟ ಇದ್ದರೆ ರಷ್ಯಾ, ಉಕ್ರೇನಿನ ಕಡೆ ನೋಡಬೇಕು. 2014ರಲ್ಲಿ ಒಂದು ಅಂಗಡಿಯಿಂದ ಆರೂವರೆ ಸಾವಿರಕ್ಕೆ ಝೋರ್ಕಿ 4 ತಂದೆ, ಜೊತೆಗೆ 50 ಮಿಮೀ ಎಫ್/2 ಜುಪಿಟರ್ 8 ಲೆನ್ಸ್. ಮೊದಲ ರೋಲ್ ತೊಳೆಸಿದಾಗ ಪ್ರಿಂಟುಗಳ ಮೇಲೆ ಬಿಳಿ ಚುಕ್ಕಿಗಳು. ಹಗಲಲ್ಲಿ ತೆಗೆದ ಪಟದಲ್ಲಿ ನಕ್ಷತ್ರ! ಬಟ್ಟೆಯ ಶಟರ್ ಪರದೆಯಲ್ಲಿ ಸೂಜಿಮೊನೆಯಂಥ ತೂತುಗಳಿದ್ದವು. ಕನ್ನಡಿ ಇಲ್ಲದ ಕ್ಯಾಮರಾ ಆದ್ದರಿಂದ ಮುಚ್ಚಳ ಹಾಕದೆ ಬಿಸಿಲಿಗೆ ಮುಖಮಾಡಿ ಇಟ್ಟರೆ ಲೆನ್ಸೇ ಭೂತಗನ್ನಡಿಯಾಗಿ ಪರದೆಯನ್ನು ಸುಡುತ್ತದೆ. ಯಾರೋ ಹಿಂದಿನ ಒಡೆಯರು ಹಾಗೆ ಇಟ್ಟಿರಬೇಕು. ಅಂಗಡಿಯವರು "ಟೆಸ್ಟ್ ಮಾಡಿಲ್ಲ, ಇದ್ದ ಹಾಗೆ ಕೊಡ್ತಿದೀವಿ" ಎಂದಿದ್ದರು. ಆ ಮಾತು ಕೇಳಿಯೂ ಹಿಂಬದಿ ತೆಗೆದು ನೋಡದೆ ತಂದದ್ದು ನನ್ನ ತಪ್ಪು. ಹುಬ್ಬಳ್ಳಿಯಲ್ಲಿ ಒಬ್ಬರು ಹಿರಿಯ ರಿಪೇರಿಯವರು ಕಪ್ಪು ಬಟ್ಟೆ ಬಣ್ಣವನ್ನು ತೆಳ್ಳಗೆ ಎರಡು ಕೋಟ್ ಬಳಿದುಕೊಟ್ಟರು. ಇವತ್ತಿಗೂ ಅದು ಗಟ್ಟಿಯಾಗಿದೆ. ಝೋರ್ಕಿಯಲ್ಲಿ ಮೊದಲು ರೀಲ್ ಸುತ್ತಿ, ಆಮೇಲೆ ವೇಗ ಬದಲಿಸಬೇಕು. ತಿರುವುಮುರುವು ಮಾಡಿದರೆ ಒಳಗಿನ ಹಲ್ಲುಗಳಿಗೆ ಪೆಟ್ಟು. ಅಂಗಡಿಯಲ್ಲಿ ಎಷ್ಟು ಕೈ ಆಡಿಸಿದ್ದಾರೋ ನೋಡಿಕೊಳ್ಳಿ.

ಆದರೆ ಝೋರ್ಕಿಗಿಂತ ಫೆಡ್ 2 ಮೇಲು ಎನ್ನುತ್ತೇನೆ. ಝೋರ್ಕಿ 4ರ ಎರಡು ಕಿಟಕಿಗಳ ನಡುವೆ 38 ಮಿಮೀ, 1955ರ ಫೆಡ್ 2ರಲ್ಲಿ 67. ಹೆಬ್ಬೆರಳಿನ ಆಟ ನೆನಪಿದ್ದರೆ ಇದರ ಬೆಲೆ ಅರ್ಥವಾಗುತ್ತದೆ. ಫೆಡ್‌ನ ಇನ್ನೊಂದು ಸಂಗತಿ ನನ್ನಂಥ ಶಾಲೆಯವಳಿಗೆ ಎದೆಗೆ ತಾಗುವಂಥದ್ದು. ಖಾರ್ಕಿವ್ ನಗರದಲ್ಲಿ ಮನೆಮಠವಿಲ್ಲದ ಮಕ್ಕಳಿಗಾಗಿ ಶಿಕ್ಷಣತಜ್ಞ ಆಂಟನ್ ಮಕರೆಂಕೊ ನಡೆಸುತ್ತಿದ್ದ ಕಮ್ಯೂನಿನಲ್ಲಿ 1934ರಲ್ಲಿ ಲೈಕಾದ ನಕಲಾಗಿ ಈ ಕ್ಯಾಮರಾ ತಯಾರಾಗತೊಡಗಿತು. ಅರ್ಧ ದಿನ ಪಾಠ, ಅರ್ಧ ದಿನ ಕೆಲಸ. ಬೀದಿಯಲ್ಲಿ ಬೆಳೆದ ಮಕ್ಕಳ ಕೈ ಅಷ್ಟು ಸೂಕ್ಷ್ಮದ ಯಂತ್ರ ಕಟ್ಟಿತು. ಫೆಡ್ 2 ಬರುವ ಹೊತ್ತಿಗೆ ಅದು ಪೂರ್ಣ ಕಾರ್ಖಾನೆಯಾಗಿತ್ತು, ನಿಜ. ಆದರೂ ಖಾರ್ಕಿವ್ ಮೇಲೆ ಬಾಂಬು ಬಿದ್ದ ಸುದ್ದಿ ಬಂದಾಗಲೆಲ್ಲ ನನಗೆ ಆ ಮಕ್ಕಳ ನೆನಪಾಗುತ್ತದೆ.

ಬಂಗಾರದ ಬಣ್ಣ ಬಳಿದು, 1936ರ ಬರ್ಲಿನ್ ಒಲಿಂಪಿಕ್ಸ್ ಮುದ್ರೆ ಕೆತ್ತಿ 'ಅಪರೂಪದ ಲೈಕಾ' ಎಂದು ಮಾರುವುದು ಹೆಚ್ಚಾಗಿ ಇದೇ ಹಳೆಯ ಫೆಡ್ಡು, ಝೋರ್ಕಿಗಳನ್ನು. ಲೆನ್ಸ್ ತಿರುಗಿಸಿ ತೆಗೆದು ಒಳಗೆ ನೋಡಿ. ಹಳೆಯ ಲೈಕಾದಲ್ಲಿ ರೇಂಜ್‌ಫೈಂಡರಿನ ತೋಳಿನ ತುದಿಗೆ ಗುಂಡಗಿನ ಚಿಕ್ಕ ಚಕ್ರ ಇರುತ್ತದೆ, ಇವುಗಳಲ್ಲಿ ಚಕ್ರ ಇರುವುದಿಲ್ಲ.

ಇನ್ನು ಲೆನ್ಸು. ಮಲೆನಾಡಿನವಳಾಗಿ ಇದರಲ್ಲಿ ನನಗೆ ರಾಜಿ ಇಲ್ಲ. ಬಾಡಿಯ ರೋಗಕ್ಕೆಲ್ಲ ಮದ್ದಿದೆ, ಗಾಜಿನೊಳಗೆ ಬೇರುಬಿಟ್ಟ ಬೂಷ್ಟಿಗೆ ಮದ್ದು ಕಷ್ಟ. ಕಿಸೆಯಲ್ಲಿ ಚಿಕ್ಕ ಟಾರ್ಚ್ ಇಟ್ಟುಕೊಂಡು ಹೋಗಿ. ಲೆನ್ಸಿನ ಒಂದು ಬದಿಯಿಂದ ಬೆಳಕು ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ, ಪಟದಲ್ಲಿ ಕಾಣುವುದಿಲ್ಲ. ಜೇಡರ ಬಲೆಯ ಎಳೆಯಂಥದ್ದು ಅಥವಾ ಹಾಲು ಚೆಲ್ಲಿದಂಥ ಮಬ್ಬು ಕಂಡರೆ ಕೆಳಗಿಟ್ಟು ಬನ್ನಿ, ಎಷ್ಟೇ ಅಗ್ಗವಾಗಲಿ. ತಂದ ಲೆನ್ಸನ್ನು ಚರ್ಮದ ಕವರಿನಲ್ಲಿ ಇಡಬೇಡಿ, ಬೂಷ್ಟು ಹಿಡಿಯುವುದು ಅಲ್ಲಿಂದಲೇ. ನಾನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ನೀಲಿ ಹರಳು ಗುಲಾಬಿಯಾದರೆ ಬಾಣಲೆಯಲ್ಲಿ ಹುರಿದು ಮತ್ತೆ ನೀಲಿ ಮಾಡುತ್ತೇನೆ. ಆಷಾಢದಲ್ಲಿ ವಾರಕ್ಕೊಮ್ಮೆ ಬೇಕಾಗುತ್ತದೆ.

ಫೋನ್ ಮಾಡಿದ್ದ ಆ ಹುಡುಗನಿಗೆ ಕ್ಯಾಮರಾ ಬೇಕಿದ್ದದ್ದು ಮಾರಿಕಾಂಬಾ ಜಾತ್ರೆಯ ಪಟ ತೆಗೆಯಲು. ಅದಕ್ಕೂ ಮೊದಲು ನಮ್ಮ ತೋಟಕ್ಕೆ ಬಾ ಎಂದಿದ್ದೇನೆ. ಅಡಿಕೆ ತೋಟ ರೇಂಜ್‌ಫೈಂಡರಿಗೆ ಕಠಿಣ ಪರೀಕ್ಷೆ. ಎಲ್ಲ ಮರವೂ ಒಂದೇ ದಪ್ಪ, ಒಂದೇ ನೇರ, ಸಾಲಿಗೆ ಸಾಲು. ಹಳದಿ ಚೌಕದಲ್ಲಿ ಒಂದು ಮರದ ಬಿಂಬ ಪಕ್ಕದ ಮರದ ಮೇಲೆ ಕೂತುಬಿಡುತ್ತದೆ, ಫೋಕಸ್ ಆಯಿತೆಂದು ಕಣ್ಣು ನಂಬಿಬಿಡುತ್ತದೆ. ನಾನು ಎರಡು ರೋಲ್ ಹೀಗೆ ಕಳೆದುಕೊಂಡ ಮೇಲೆ ಕಲಿತೆ. ಮರವನ್ನು ಹಿಡಿಯಬಾರದು, ಮರದ ಮೇಲಿನ ಬಿಳಿ ಕಲ್ಲುಹೂವಿನ ಮಚ್ಚೆಯನ್ನು ಹಿಡಿಯಬೇಕು. ಒಂದು ಮರದ ಮಚ್ಚೆ ಇನ್ನೊಂದರಲ್ಲಿ ಇರುವುದಿಲ್ಲ.

ಮೊನ್ನೆ ಭಾನುವಾರ ಹನ್ನೊಂದರ ಹೊತ್ತಿಗೆ ಮತ್ತೆ ಅವನ ಫೋನು. ಹಿಂದೆ ಸಂತೆಯ ಗಲಾಟೆ.

"ಅಕ್ಕೋರೇ, ಕ್ಯಾನನೆಟ್ ಸಿಕ್ಕಿದೆ. ಒಂಬತ್ತು ಸಾವಿರ ಹೇಳ್ತಿದಾರೆ. ಟಾರ್ಚ್ ಬಿಟ್ಟು ನೋಡ್ದೆ, ಗಾಜು ತಿಳಿಯಾಗಿದೆ. ಆದ್ರೆ ಲೆನ್ಸ್ ಇನ್ಫಿನಿಟಿಗೆ ಇಟ್ರೂ ದೂರದ ಮೊಬೈಲ್ ಟವರ್ ಎರಡಾಗಿ ಕಾಣ್ತಿದೆ."

"ಮೇಲೆ ಕೆಳಗೋ, ಎಡಬಲಕ್ಕೋ?"

"ಎಡಬಲಕ್ಕೆ. ಕೂದಲೆಳೆಯಷ್ಟು."

"ಎಲ್ಲ ವೇಗದಲ್ಲೂ ಶಟರ್ ಹೊಡೆದು ನೋಡಿದ್ಯಾ? 1/4ರಲ್ಲಿ ತೆರೆದು, ತಡೆದು ಮುಚ್ತದಾ?"

ಫೋನಿನಲ್ಲಿ ಲಿವರ್ ಎಳೆದ ಸದ್ದು ಕೇಳಿತು, ಆಮೇಲೆ ಸಣ್ಣದೊಂದು ಕಿರ್ರ್.

"ಮುಚ್ತದೆ."

"ಹಾಗಾದ್ರೆ ಏಳೂವರೆಗೆ ಕೇಳು. ಟವರ್ ಒಂದು ಮಾಡಿಸೋದು ದೊಡ್ಡ ಕೆಲಸ ಅಲ್ಲ."