ಹೊಸ್ತಿಲಲ್ಲಿಯೇ ತಡೆಯಬೇಕು

ಕೃಷ್ಣಾ, ಘಟಪ್ರಭಾ ನದಿಗಳ ನೀರುಂಡ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯು ದುಡಿಮೆಗೆ ಹೆಸರಾದುದು. ಬನಹಟ್ಟಿಯ ನೇಕಾರನು ಕುಣಿಮಗ್ಗಕ್ಕೆ ಕುಳಿತರೆ ಕೈಕಾಲುಗಳೆರಡೂ ದುಡಿಯುತ್ತಿದ್ದವು. ಒಕ್ಕಲಿಗನು ನೇಗಿಲ ಹಿಂದೆ ಹರದಾರಿಗಟ್ಟಲೆ ನಡೆಯುತ್ತಿದ್ದನು. ವಿದ್ಯುತ್ ಮಗ್ಗವೂ ಟ್ರ್ಯಾಕ್ಟರೂ ಆ ಶ್ರಮವನ್ನು ಬಹುಮಟ್ಟಿಗೆ ಇಳಿಸಿವೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ದುಡಿಮೆ ಇಳಿದಂತೆ ಊಟ ಇಳಿಯಲಿಲ್ಲ. ಗರಡಿಯನ್ನು ಬಿಟ್ಟ ಪೈಲ್ವಾನನು ಗರಡಿಯ ಊಟವನ್ನು ಬಿಡದಿದ್ದರೆ ಏನಾಗುವುದೋ ಅದೇ ಇಲ್ಲಿಯೂ ಆಗುತ್ತದೆ. ವೆಚ್ಚವಾಗದ ಆಹಾರವು ಕೊಬ್ಬಾಗಿ ಸೊಂಟವನ್ನು ಸುತ್ತುತ್ತದೆ. ಮಧುಮೇಹಕ್ಕೆ ದಾರಿ ಮಾಡಿಕೊಡುತ್ತದೆ.

ಮೈ ತುಂಬಿಕೊಳ್ಳುವುದು ಸುಖದ ಗುರುತೆಂದು ಜನ ಭಾವಿಸುತ್ತಾರೆ. ವೈದ್ಯರು ರೋಗದ ಹೆಸರು ಹೇಳಿದ ಬಳಿಕವೇ ತೂಕ ಇಳಿಸಲು ತೊಡಗುತ್ತಾರೆ. ಆದರೆ ಮಧುಮೇಹವು ಒಂದೇ ರಾತ್ರಿಯಲ್ಲಿ ಬರುವುದಲ್ಲ. ಬರಿಹೊಟ್ಟೆಯ ರಕ್ತಪರೀಕ್ಷೆಯಲ್ಲಿ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಹೆಚ್ಚು ಸಕ್ಕರೆ ಇದ್ದರೆ ರೋಗ. 100ರಿಂದ 125ರವರೆಗೆ ಇದ್ದರೆ ಅದರ ಹೊಸ್ತಿಲು. ಭಾರತದಲ್ಲಿ ರೋಗಿಗಳು ಸುಮಾರು 10 ಕೋಟಿಯಾದರೆ, ಹೊಸ್ತಿಲಲ್ಲಿರುವವರು ಸುಮಾರು 13.6 ಕೋಟಿ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿದೆ.

ಈ ಹೊಸ್ತಿಲೇ ಪ್ರಯತ್ನಕ್ಕೆ ಸಕಾಲ. ಅಮೆರಿಕದಲ್ಲಿ ಇಂಥವರಿಗೆ ತೂಕದಲ್ಲಿ ಶೇಕಡ 7ರಷ್ಟನ್ನು ಇಳಿಸುವ ಮತ್ತು ವಾರಕ್ಕೆ 150 ನಿಮಿಷ ವ್ಯಾಯಾಮ ಮಾಡುವ ಗುರಿ ಕೊಡಲಾಯಿತು. 70 ಕಿಲೋ ತೂಗುವವನಿಗೆ ಇದು ಸುಮಾರು 5 ಕಿಲೋ ಮಾತ್ರ. ಅವರಲ್ಲಿ ಹೊಸದಾಗಿ ರೋಗ ಬರುವುದು ಶೇಕಡ 58ರಷ್ಟು ತಗ್ಗಿತೆಂದು 2002ರಲ್ಲಿ ತಿಳಿದುಬಂದಿತು. ಔಷಧಿಯಿಂದ ತಗ್ಗಿದ್ದು ಶೇಕಡ 31 ಮಾತ್ರ. ಭಾರತದಲ್ಲಿ ನಡೆದ ಇಂಥದೇ ಪ್ರಯೋಗದ ಫಲ 2006ರಲ್ಲಿ ಹೊರಬಂದಿತು. ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ ಹಿತಮಿತ ಆಹಾರ, ನಡಿಗೆಗಳಿಂದಲೇ ರೋಗ ಶೇಕಡ 28.5ರಷ್ಟು ತಗ್ಗಿತ್ತು. ತಕ್ಕಡಿಯ ಮುಳ್ಳು ಕದಲಲಿಲ್ಲವೆಂದು ನಡಿಗೆಯನ್ನು ಕೈಬಿಡುವುದು ತರವಲ್ಲ.

ರೋಗ ಬಂದ ಮೇಲೆ ಪ್ರಯತ್ನ ವ್ಯರ್ಥವೇ? ಅಲ್ಲ. ಆದರೆ ಅದರ ಬೆಲೆ ಹೆಚ್ಚು. ಬ್ರಿಟನ್ನಿನಲ್ಲಿ ರೋಗ ಗೊತ್ತಾಗಿ 6 ವರ್ಷ ಮೀರದವರು ತಿಂಗಳುಗಟ್ಟಲೆ ಕಠಿಣ ಪಥ್ಯದಲ್ಲಿದ್ದು ತೂಕ ಇಳಿಸಿದರು. ವರ್ಷದ ಕೊನೆಗೆ ಅವರಲ್ಲಿ ಶೇಕಡ 46 ಮಂದಿ ಔಷಧಿಯಿಲ್ಲದೆ ರೋಗದ ಮಿತಿಯಿಂದ ಹೊರಗಿದ್ದರು. ಎರಡನೆಯ ವರ್ಷಕ್ಕೆ ಆ ಪ್ರಮಾಣ ಶೇಕಡ 36ಕ್ಕೆ ಇಳಿಯಿತು.

ಆದುದರಿಂದ 30 ದಾಟಿದವರು ಬಾಯಾರಿಕೆ, ಆಯಾಸಗಳಿಗಾಗಿ ಕಾಯದೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷಿಸಿಕೊಳ್ಳುವುದು ವಿವೇಕ. ಎಳೆ ಹರಿದೊಡನೆ ನೇಕಾರನು ಮಗ್ಗ ನಿಲ್ಲಿಸಿ ಗಂಟು ಹಾಕುತ್ತಾನೆ. ಸೀರೆ ಮುಗಿಯಲೆಂದು ಕಾಯುವುದಿಲ್ಲ. ದೇಹದ ವಿಷಯದಲ್ಲಿಯೂ ಈ ಎಚ್ಚರವೇ ಬೇಕು.